ಪಕ್ಕದ ಫ್ಲ್ಯಾಟಿನ ಗ್ರೈಂಡರ್, ಚೆಂಡೆ, ಟಿವಿ: ನಡುವಿನ ಗೋಡೆಗೆ ಎಂತ ಮಾಡಬಹುದು?

ಬಿಜೈ_ಮೂರನೇಮಾಳಿಗೆ
ಗೋಡೆ 12 ಅಡಿ ಉದ್ದ, 9 ಅಡಿ ಎತ್ತರ. 4 ಇಂಚಿನ ಸಾಲಿಡ್ ಬ್ಲಾಕ್, ಎರಡೂ ಬದಿ ಸಾರಣೆ. ಈಚೆ ಮಲಗುವ ಕೋಣೆ. ಆಚೆ ಅವರ ಹಾಲ್ (ನಡುಕೋಣೆ) ಮತ್ತು ಅಡುಗೆಮನೆಯ ಒಂದು ತುದಿ. ಬೆಳಿಗ್ಗೆ ಐದೂವರೆಗೆ ಗ್ರೈಂಡರ್, ಸಂಜೆ ಮಗನ ಚೆಂಡೆ ಅಭ್ಯಾಸ, ರಾತ್ರಿ ಟಿವಿ. ಜನ ಒಳ್ಳೆಯವರು, ಜಗಳ ಮಾಡ್ಲಿಕ್ಕಿಲ್ಲ. ಆನ್‌ಲೈನ್‌ನಲ್ಲಿ ಕಪ್ಪು ಸ್ಪಂಜಿನ ಫೋಮ್ ಹಾಳೆ ಸಿಗ್ತದೆ. ಅದನ್ನು ಗೋಡೆ ತುಂಬ ಅಂಟಿಸಿದರೆ ಸಾಕಾ, ಅಲ್ಲ ಜಿಪ್ಸಂ ಹೊಡೆಸಬೇಕಾ?

ಮಣಿಪಾಲ_ಸಿವಿಲ್
ಫೋಮ್ ಬೇಡ. ಅದು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸ್ತದೆ, ಗೋಡೆ ದಾಟಿ ಬರುವ ಶಬ್ದ ತಡೆಯುವುದಿಲ್ಲ. ಊದಿದರೆ ಗಾಳಿ ಆಚೆ ಹೋಗುವ ವಸ್ತುವಿಗೆ ಶಬ್ದ ತಡೆಯುವ ತಾಕತ್ತು ಎಲ್ಲಿಂದ? ಮೊಟ್ಟೆ ಟ್ರೇ ಕೂಡ ಹಾಗೆಯೇ. ಮೇಲಿಂದ ಅಗ್ಗದ ಫೋಮಿಗೆ ಬೆಂಕಿ ತಾಗಿದರೆ ಬರುವ ಹೊಗೆ ವಿಷ. ಮಲಗುವ ಕೋಣೆಗೆ ತರಲೇಬಾರದು.

ಗೋಡೆ ಶಬ್ದ ತಡೆಯುವುದು ತೂಕದಿಂದ. ಅರ್ಧ ಇಟ್ಟಿಗೆಯ ಗೋಡೆ ಎರಡೂ ಬದಿ ಸಾರಣೆ ಆಗಿದ್ದರೆ ಸುಮಾರು 45 ಡೆಸಿಬಲ್ (ಶಬ್ದದ ಅಳತೆ) ತಡೀತದೆ, 9 ಇಂಚಿನದ್ದು 50ರ ಹತ್ತಿರ. ನಿಮ್ಮ 4 ಇಂಚಿನ ಸಾಲಿಡ್ ಬ್ಲಾಕ್ ಅರ್ಧ ಇಟ್ಟಿಗೆಯ ಸಾಲಿಗೆ ಬರ್ತದೆ. ತೂಕ ಎರಡು ಪಟ್ಟಾದರೆ ಸಿಗುವ ಲಾಭ 5–6 ಡೆಸಿಬಲ್ ಅಷ್ಟೇ. ನಿಮ್ಮದು ಚದರ ಮೀಟರಿಗೆ ಹೆಚ್ಚುಕಡಿಮೆ 245 ಕಿಲೋ. ಮಾಸ್ ಲೋಡೆಡ್ ವಿನೈಲ್ ಅಂತ ಭಾರದ ರಬ್ಬರಿನಂಥ ಹಾಳೆ ಮಾರ್ತಾರಲ್ಲ, ಚದರ ಮೀಟರಿಗೆ 5 ಕಿಲೋದ್ದು, ಅದನ್ನು ಈ ಗೋಡೆಗೆ ಅಂಟಿಸಿದರೆ ಲೆಕ್ಕದ ಪ್ರಕಾರ ಕಾಲು ಡೆಸಿಬಲ್ ಕೂಡ ಹೆಚ್ಚಾಗುವುದಿಲ್ಲ. ತೆಳು ಬೋರ್ಡಿನ ಪಾರ್ಟಿಶನ್ನಿಗೆ ಅದು ಸರಿ, ಬ್ಲಾಕ್ ಗೋಡೆಗೆ ದಂಡ.

ಅತ್ತಾವರ_ವಯರಿಂಗ್
ಗೋಡೆಗೆ ಕೈ ಹಾಕುವ ಮೊದಲು ಶಬ್ದ ಎಲ್ಲಿಂದ ಬರ್ತದೆ ನೋಡಿ ಮಾರಾಯ್ರೆ. ನೀವು ಹೇಳಿದ್ದು ಮೂರು ಶಬ್ದ, ಮೂರಕ್ಕೂ ಮೂರು ದಾರಿ ಇರಬಹುದು.

ಫ್ಯಾನ್ ಆಫ್ ಮಾಡಿ, ಕಿಟಕಿ ಭದ್ರ ಹಾಕಿ, ಗೋಡೆಗೆ ಕಿವಿ ಕೊಡಿ. ಮಧ್ಯದಲ್ಲಿ, ನಾಲ್ಕು ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ಎದುರು, ಬೀಮಿನ ಕೆಳಗೆ ಸ್ಟೂಲ್ ಹತ್ತಿ. ಟಿವಿಯ ಮಾತು ಸ್ವಿಚ್ ಬೋರ್ಡಿನ ಹತ್ತಿರ ಪದ ಪದ ಬಿಡಿಸಿ ಕೇಳಿ, ಮಧ್ಯದಲ್ಲಿ ಬರೀ ಗುಂಯ್ ಅಂದರೆ ದಾರಿ ಬೋರ್ಡು. 4 ಇಂಚಿನ ಗೋಡೆಯಲ್ಲಿ ಎರಡೂ ಮನೆಯ ಮೆಟಲ್ ಬಾಕ್ಸ್ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುವುದು ಸಾಮಾನ್ಯ. ಎರಡರ ನಡುವೆ ಉಳಿಯುವುದು ಬೆರಳು ದಪ್ಪದ ಗಾರೆ; ಕೆಲವು ಕಡೆ ಅದೂ ಇಲ್ಲ, ಪ್ಲೇಟ್ ಬಿಚ್ಚಿದರೆ ಆಚೆ ಮನೆಯ ಬೆಳಕು ಕಾಣ್ತದೆ.

ಸರಿಮಾಡುವ ಕ್ರಮ: ಎಂಸಿಬಿ ಆಫ್, ಟೆಸ್ಟರಿನಲ್ಲಿ ಎರಡು ಸಲ ನೋಡಿ. ಪ್ಲೇಟ್, ಸ್ವಿಚ್ ಬಿಚ್ಚಿ, ಬಾಕ್ಸ್ ಹೊರಗೆ ತೆಗೆಸಿ. ಹಿಂದಿನ ತೂತಿಗೆ ಸಿಮೆಂಟ್ ಗಾರೆ ಒತ್ತಿ ತುಂಬಿ, ಒಣಗಿದ ಮೇಲೆ ಬಾಕ್ಸ್ ವಾಪಸ್. ಬಾಕ್ಸಿನ ಸುತ್ತ, ವಯರ್ ಬರುವ ಪೈಪಿನ ಬಾಯಿಗೆ ಬೆಂಕಿ ಹಿಡಿಯದ ಪುಟ್ಟಿ. ಸ್ಪ್ರೇ ಫೋಮ್ ತುಂಬುವ ಬುದ್ಧಿ ಮಾಡಬೇಡಿ; ಅದು ಹಗುರ, ಶಬ್ದಕ್ಕೆ ಪ್ರಯೋಜನ ಇಲ್ಲ, ಮತ್ತೆ ಬಿಸಿಯಾಗುವ ರೆಗ್ಯುಲೇಟರಿಗೆ ಕಂಬಳಿ ಹೊದೆಸಿದ ಹಾಗೆ. ವಯರಿಂಗ್ ಗೊತ್ತಿಲ್ಲದವರು ಪ್ಲೇಟಿನ ಆಚೆ ಹೋಗುವುದು ಬೇಡ, ಎಲೆಕ್ಟ್ರಿಷಿಯನ್ ಕರೆಯಿರಿ.

ಕುಂಜಿಬೆಟ್ಟು_ಮೇಸ್ತ್ರಿ
ಬೀಮಿನ ಕೆಳಗೆ ಅಂದಿರಲ್ಲ, ಅದು ಎಲ್ಲಕ್ಕಿಂತ ಮುಖ್ಯ. ಸ್ಲ್ಯಾಬ್ ಮತ್ತು ಬೀಮ್ ಮೊದಲು, ಬ್ಲಾಕ್ ಗೋಡೆ ಆಮೇಲೆ ಕಟ್ಟುವುದು. ಕೊನೆಯ ವರಸೆ ಮತ್ತು ಬೀಮಿನ ತಳದ ನಡುವೆ ಒಂದೋ ಎರಡೋ ಇಂಚು ಉಳೀತದೆ. ಅದಕ್ಕೆ ಒತ್ತಿ ಗಾರೆ ತುಂಬಬೇಕು. ಎಷ್ಟೋ ಕಡೆ ಒಡೆದ ಬ್ಲಾಕಿನ ಚೂರು ತುರುಕಿ ಮೇಲೆ ಸಾರಣೆ ಎಳೆದು ಬಿಡ್ತಾರೆ. ಒಂದೆರಡು ವರ್ಷದಲ್ಲಿ ಬೀಮಿನುದ್ದಕ್ಕೆ ಗೆರೆ ಎಳೆದ ಹಾಗೆ ಬಿರುಕು. ಬಣ್ಣದವರು ಪುಟ್ಟಿ ಹಾಕಿ ಮುಚ್ಚುತ್ತಾರೆ, ಮುಂದಿನ ಬೇಸಗೆಗೆ ಮತ್ತೆ ತೆರೀತದೆ.

ಊದುಬತ್ತಿ ಹಚ್ಚಿ ಬಿರುಕಿನುದ್ದಕ್ಕೂ ನಿಧಾನ ಸರಿಸಿ. ಹೊಗೆ ನೇರ ಏರುವುದು ಬಿಟ್ಟು ಗೋಡೆಯ ಕಡೆ ಎಳೆದರೆ ಅಥವಾ ನಿಮ್ಮ ಮುಖಕ್ಕೆ ಬಂದರೆ ಆರಪಾರ ಸಂದು ಉಂಟು ಅಂತ ಲೆಕ್ಕ. ಆಚೆ ಮನೆಯವರ ಬಾಗಿಲು–ಕಿಟಕಿ ತೆರೆದಿರುವಾಗ ಮಾಡಿದರೆ ಇನ್ನೂ ಸ್ಪಷ್ಟ.

ಮಣಿಪಾಲ_ಸಿವಿಲ್
ಮೇಸ್ತ್ರಿಯವರ ಮಾತಿಗೆ ಲೆಕ್ಕ ಸೇರಿಸ್ತೇನೆ. ನಿಮ್ಮ ಗೋಡೆ 108 ಚದರಡಿ. 12 ಅಡಿ ಉದ್ದಕ್ಕೆ ಇಂಚಿನ ಎಂಟನೇ ಒಂದು ಭಾಗ, ಅಂದರೆ 3 ಎಂಎಂ ಬಿರುಕು ಆರಪಾರ ಇದ್ದರೆ ಅದರ ಒಟ್ಟು ಬಾಯಿ 18 ಚದರ ಇಂಚು. ಗೋಡೆಯ ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಸಾಕು, 45 ಡೆಸಿಬಲ್‌ನ ಗೋಡೆ 30ಕ್ಕಿಂತ ಕೆಳಗೆ ಇಳೀತದೆ. ಚೆಂಡೆಯ ಪೆಟ್ಟಿನ ಚುರುಕು ಇಂಥ ಸಂದಿನಿಂದಲೇ ನುಗ್ಗುವುದು. ಶೇಕಡಾ 1ರಷ್ಟು ತೂತಿದ್ದರಂತೂ ಗೋಡೆ ಕಬ್ಬಿಣದ್ದಾದರೂ 20 ದಾಟುವುದಿಲ್ಲ.

ಬಿಜೈ_ಮೂರನೇಮಾಳಿಗೆ
ಊದುಬತ್ತಿ ಹಿಡಿದು ನೋಡಿ ಆಯ್ತು. ಬೀಮಿನ ಕೆಳಗೆ ಸುಮಾರು ಐದು ಅಡಿ ಉದ್ದಕ್ಕೆ ಹೊಗೆ ಎಳೀತದೆ. ಸ್ವಿಚ್ ಬೋರ್ಡಿನ ಹತ್ತಿರ ಟಿವಿ ವಾರ್ತೆ ಪೂರ್ತಿ ಕೇಳ್ತದೆ. ಗ್ರೈಂಡರ್ ಮಾತ್ರ ಗೋಡೆ ಎಲ್ಲಿ ಮುಟ್ಟಿದರೂ ಒಂದೇ ಸಮ, ಮಂಚದ ಕಾಲಿನಲ್ಲೂ ಕೈಗೆ ತಾಗ್ತದೆ. ಬಿರುಕಿಗೆ ಬಿಳಿ ಸಿಮೆಂಟ್ ಹಾಕಿದರೆ ಆದೀತಾ?

ಕುಂಜಿಬೆಟ್ಟು_ಮೇಸ್ತ್ರಿ
ಬಿಳಿ ಸಿಮೆಂಟ್ ನಿಲ್ಲುವುದಿಲ್ಲ. ಬೀಮಿನ ಚಲನೆ ಬೇರೆ, ಬ್ಲಾಕಿನದು ಬೇರೆ. ಗಟ್ಟಿ ವಸ್ತು ಹಾಕಿದರೆ ಅಲ್ಲೇ ಬಿಡ್ತದೆ. ಬಿರುಕನ್ನು ಅಗಲಿಸಿ 10–12 ಎಂಎಂ ಗಾಡಿ (ಉದ್ದದ ತೋಡು) ಮಾಡಿಸಿ, ಧೂಳು ಬ್ರಷ್ಷಿನಲ್ಲಿ ತೆಗೆಸಿ. ಒಳಗೆ ಪೊಳ್ಳು ಸಿಕ್ಕಿದರೆ ಕುಗ್ಗದ ಗ್ರೌಟ್ ಒತ್ತಿ ತುಂಬಿಸಿ, ಮೇಲೆ ಅರ್ಧ ಇಂಚು ಜಾಗ ಬಿಡಿ. ಆ ಜಾಗಕ್ಕೆ ಫೋಮಿನ ಬ್ಯಾಕರ್ ರಾಡ್ (ಸಂದಿಗೆ ತುರುಕುವ ಹಗ್ಗದಂಥದ್ದು), ಅದರ ಮೇಲೆ ಪಿಯು ಸೀಲೆಂಟ್ (ಪಾಲಿಯುರಿಥೇನಿನ, ರಬ್ಬರಿನ ಹಾಗೆ ಎಳೆಯುವ ಅಂಟು). ಸಾದಾ ಸಿಲಿಕಾನ್ ಮೇಲೆ ಪೇಂಟ್ ಹಿಡಿಯುವುದಿಲ್ಲ, ಆಮೇಲೆ ಗೋಡೆಯಲ್ಲಿ ಹೊಳೆಯುವ ಪಟ್ಟಿ ಕಾಣ್ತದೆ. ಆಚೆಯವರ ಒಪ್ಪಿಗೆ ಸಿಕ್ಕಿದರೆ ಅವರ ಬದಿಯಲ್ಲೂ ಮಾಡಿಸಿ, ಒಂದೇ ದಿನದ ಕೆಲಸ.

ಸಂತೆಕಟ್ಟೆ_ಮೆಕ್ಯಾನಿಕಲ್
ಮಂಚದ ಕಾಲಿಗೆ ತಾಗ್ತದೆ ಅಂದರೆ ಗ್ರೈಂಡರ್ ಗಾಳಿಯಲ್ಲಿ ಬರುವುದಲ್ಲ, ಕಟ್ಟಡದಲ್ಲೇ ಹರಿದು ಬರುವುದು. ಅಡುಗೆಕಟ್ಟೆಯ ಗ್ರಾನೈಟ್ ಕಲ್ಲಿನ ತುದಿ ನಿಮ್ಮ ಗೋಡೆಯೊಳಗೆ ಹೊಕ್ಕಿರಬೇಕು. ಕಟ್ಟೆ ಮೇಲೆ ಗ್ರೈಂಡರ್ ಇಟ್ಟರೆ ಇಡೀ ಗೋಡೆ ಸ್ಪೀಕರಿನ ಹಾಗೆ ಅದುರ್ತದೆ. ನಿಮ್ಮ ಬದಿಯಲ್ಲಿ ಎಷ್ಟು ಖರ್ಚು ಮಾಡಿದರೂ ಇದು ಪೂರ್ತಿ ಹೋಗುವುದಿಲ್ಲ. ಅವರ ಬದಿಯಲ್ಲಿ ನಾಲ್ಕು ರಬ್ಬರ್ ತುಂಡಿನಲ್ಲಿ ಮುಗೀತದೆ.

ಆದರೆ ರಬ್ಬರ್ ಹೇಗೂ ಇಡುವುದಲ್ಲ. ಮೋಟಾರ್ ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುವಂಥದ್ದಾದರೆ ಅದುರು 24 ಹರ್ಟ್ಸ್. ಪ್ಯಾಡಿನ ಮೇಲೆ ಯಂತ್ರ ಕೂತಾಗ ಅದರ ಸ್ವಂತ ಕಂಪನ 17 ಹರ್ಟ್ಸಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಪ್ಯಾಡ್ ಅದುರನ್ನು ತಡೆಯುವ ಬದಲು ಹೆಚ್ಚಿಸ್ತದೆ. ಲೆಕ್ಕ ಸುಲಭ: ಯಂತ್ರದ ಭಾರಕ್ಕೆ ಪ್ಯಾಡ್ 1 ಎಂಎಂ ತಗ್ಗಿದರೆ ಸುಮಾರು 16 ಹರ್ಟ್ಸ್, 2 ಎಂಎಂ ತಗ್ಗಿದರೆ 11, 3 ಎಂಎಂಗೆ 9. ಅಂದರೆ ಅಕ್ಕಿ, ನೀರು ಹಾಕಿದ ಗ್ರೈಂಡರ್ ಕೂತಾಗ ಪ್ಯಾಡ್ ಕಣ್ಣಿಗೆ ಕಾಣುವಷ್ಟು ತಗ್ಗಬೇಕು. ಅಡಿಗೆ ದೊಡ್ಡ ಮ್ಯಾಟ್ ಹಾಸಿದರೆ ಭಾರ ಹಂಚಿಹೋಗಿ ತಗ್ಗುವುದೇ ಇಲ್ಲ. ಎರಡಿಂಚು ಚೌಕದ, 20–25 ಎಂಎಂ ದಪ್ಪದ ಮೆತ್ತನೆ ರಬ್ಬರಿನ ನಾಲ್ಕು ತುಂಡು, ಪ್ರತಿ ಕಾಲಿಗೊಂದು. ಬೈಕಿನ ಟಯರ್ ಕತ್ತರಿಸಿ ಇಡುವವರು ಉಂಟು, ಒಳಗೆ ನೂಲಿನ ಪದರ ಇರುವುದರಿಂದ ಅದು ತೀರಾ ಗಟ್ಟಿ. ಗ್ರೈಂಡರಿನ ಮೈ ಗೋಡೆಗೆ ತಾಗದ ಹಾಗೆ ಎರಡಿಂಚು ಸರಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಮಿಕ್ಸಿ ಇದಕ್ಕಿಂತ ಜೋರು ಕೂಗಿದರೂ ಸುಲಭ. ಸುತ್ತು ನಿಮಿಷಕ್ಕೆ 18,000ದ ಆಸುಪಾಸು, ಅಂದರೆ 300 ಹರ್ಟ್ಸ್. ತೆಳು ರಬ್ಬರ್ ಸಾಕು.

ಬಿಜೈ_ಮೂರನೇಮಾಳಿಗೆ
ಆಚೆ ಮನೆಯ ಅಕ್ಕನ ಹತ್ತಿರ ಕೇಳ್ತೇನೆ, ರಬ್ಬರ್ ನಾನೇ ತಂದು ಕೊಟ್ಟರೆ ಬೇಡ ಅನ್ನಲಿಕ್ಕಿಲ್ಲ. ಸಂದು, ಸ್ವಿಚ್ ಬೋರ್ಡು ಎರಡೂ ಮುಚ್ಚಿದ ಮೇಲೆಯೂ ಟಿವಿ ಕೇಳಿದರೆ? ಇಲ್ಲಿಯ ಒಬ್ಬರು ಆಚಾರಿ ಒಂದೂವರೆ ಇಂಚಿನ ರೀಪರ್ (ಮರದ ಪಟ್ಟಿ) ಹೊಡೆದು, ನಡುವೆ ಥರ್ಮಾಕೋಲ್ ತುಂಬಿ, ಮೇಲೆ ಪ್ಲೈವುಡ್ ಕೂರಿಸ್ತೇನೆ ಅಂತಾರೆ.

ಬೋಳಾರ_ಜಿಪ್ಸಂ
ಅದು ಬೇಡವೇ ಬೇಡ. ರೀಪರ್ ಗೋಡೆಗೆ ಸ್ಕ್ರೂ ಆದ ಕೂಡಲೇ ಗೋಡೆಯ ಅದುರು ಪ್ಲೈವುಡ್ಡಿಗೆ ನೇರ ದಾಟ್ತದೆ. ಥರ್ಮಾಕೋಲ್ ಗಟ್ಟಿ ವಸ್ತು, ಶಬ್ದ ಹೀರುವುದಿಲ್ಲ, ಬೋರ್ಡಿಗೂ ಗೋಡೆಗೂ ನಡುವೆ ಸ್ಪ್ರಿಂಗಿನ ಹಾಗೆ ವರ್ತಿಸ್ತದೆ. ಮತ್ತೆ ನಮ್ಮ ಊರಿನ ಹವೆಗೆ ಗೋಡೆ ಮತ್ತು ಪ್ಲೈವುಡ್ ನಡುವಿನ ಕತ್ತಲೆ ಸಂದು ಅಂದರೆ ಗೆದ್ದಲಿಗೆ ಬಾಡಿಗೆ ಇಲ್ಲದ ಮನೆ.

ಮಾಡುವುದಾದರೆ ಹಳೆ ಗೋಡೆಗೆ ಎಲ್ಲೂ ತಾಗದ ಹೊಸ ಗೋಡೆ ನಿಲ್ಲಿಸಬೇಕು. ಹಳೆ ಗೋಡೆಯಿಂದ 20 ಎಂಎಂ ಬಿಟ್ಟು ನೆಲಕ್ಕೂ ಸ್ಲ್ಯಾಬಿಗೂ ಜಿಐ ಟ್ರ್ಯಾಕ್ (ಸತು ಲೇಪದ ತಗಡಿನ ಅಡ್ಡಪಟ್ಟಿ), ಅದರ ಅಡಿಗೆ 3 ಎಂಎಂ ರಬ್ಬರ್ ಫೋಮ್ ಟೇಪ್. 70 ಎಂಎಂ ಸ್ಟಡ್ (ನೆಟ್ಟಗೆ ನಿಲ್ಲಿಸುವ ತಗಡಿನ ಕಂಬಿ) 24 ಇಂಚಿಗೊಂದು. ನಡುವೆ 50 ಎಂಎಂ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಸಾಂದ್ರತೆ ಘನ ಮೀಟರಿಗೆ 48 ಅಥವಾ 64 ಕಿಲೋದ್ದು. ಮೇಲೆ 12.5 ಎಂಎಂ ಜಿಪ್ಸಂ ಬೋರ್ಡ್ ಎರಡು ಪದರ, ಮೊದಲ ಪದರದ ಜೋಡಣೆಯ ಮೇಲೆ ಎರಡನೆಯದರ ಜೋಡಣೆ ಬೀಳಬಾರದು. ಒಟ್ಟು ನಾಲ್ಕೂವರೆ ಇಂಚು ಕೋಣೆಯಿಂದ ಹೋಗ್ತದೆ. ನೆಲದಿಂದ ಬೋರ್ಡ್ 10 ಎಂಎಂ ಮೇಲಿರಲಿ. ನೆಲ ಒರೆಸುವ ನೀರು ಜಿಪ್ಸಂಗೆ ತಾಗಿದರೆ ಅಡಿಯಿಂದಲೇ ಉಬ್ಬಿ ಪುಡಿಯಾಗ್ತದೆ.

12 × 9ಕ್ಕೆ ಸಾಮಾನು: 6×4 ಅಡಿ ಬೋರ್ಡ್ ಲೆಕ್ಕಕ್ಕೆ 9 ಬರ್ತದೆ, ಕಟಿಂಗ್ ಹಾಳು ಸೇರಿ 11 ತನ್ನಿ. ಸ್ಟಡ್ 7, ಟ್ರ್ಯಾಕ್ 24 ಅಡಿ. ರಾಕ್‌ವೂಲ್ 1000×600ರ ಸ್ಲ್ಯಾಬ್ 18. ಮೊದಲ ಪದರಕ್ಕೆ 25 ಎಂಎಂ ಸ್ಕ್ರೂ, ಎರಡನೆಯದಕ್ಕೆ 38. ಸೀಲೆಂಟ್ 2 ಟ್ಯೂಬ್. ಬೋರ್ಡಿನ ಮೇಲೆ ಐಎಸ್ 2095, ರಾಕ್‌ವೂಲ್ ಪ್ಯಾಕಿನ ಮೇಲೆ ಐಎಸ್ 8183 ಉಂಟಾ ನೋಡಿ.

ಮಣಿಪಾಲ_ಸಿವಿಲ್
ಎಲ್ಲ ಸರಿ ಅಣ್ಣ, ಸೀಲೆಂಟ್ ಮಾತ್ರ ಸಾಲದು. ಸುತ್ತಳತೆ 42 ಅಡಿ, ಅಂದರೆ 12.8 ಮೀಟರ್. ಅಂಚಿನ ಸಂದು 6 ಎಂಎಂ ಅಗಲ, ಬೋರ್ಡಿನ ದಪ್ಪಕ್ಕೆ ಸುಮಾರು 12 ಎಂಎಂ ಆಳ ಹಿಡಿದರೆ ಒಂದು ಪದರಕ್ಕೇ 920 ಎಂಎಲ್ ಬೇಕು. 300 ಎಂಎಲ್ ಟ್ಯೂಬ್ ಮೂರು ಮುಗೀತದೆ. ಎರಡು ಪದರಕ್ಕೆ ಆರು, ತಳದ 10 ಎಂಎಂ ಸಂದಿಗೆ ಬ್ಯಾಕರ್ ರಾಡ್ ಮತ್ತೆ ಇನ್ನೊಂದು ಟ್ಯೂಬ್. ಕೆಲಸದವರು ಎರಡರಲ್ಲಿ ಮುಗಿಸ್ತಾರೆ ಅಂದರೆ ಮೇಲ್ಮೈಗೆ ಮಾತ್ರ ಸವರ್ತಾರೆ ಅಂತ ಅರ್ಥ.

ಸ್ಪ್ರಿಂಗಿನ ವಿಷಯ ಇನ್ನೂ ಸ್ವಲ್ಪ. ಭಾರದ ಗೋಡೆಯ ಎದುರು ಹಗುರ ಬೋರ್ಡ್ ನಿಂತಾಗ ನಡುವಿನ ಗಾಳಿ ಸ್ಪ್ರಿಂಗ್ ಆಗ್ತದೆ. ಬೋರ್ಡಿನ ತೂಕ (ಚದರ ಮೀಟರಿಗೆ ಕಿಲೋ) ಮತ್ತು ಸಂದಿನ ಆಳ (ಮೀಟರ್) ಗುಣಿಸಿ, ವರ್ಗಮೂಲ ತೆಗೆದು, 60ನ್ನು ಅದರಿಂದ ಭಾಗಿಸಿ. ಬರುವ ಹರ್ಟ್ಸಿನಲ್ಲಿ ಹೊಸ ಗೋಡೆ ಹಳೆಯದಕ್ಕಿಂತ ಕೆಟ್ಟದಾಗಿರ್ತದೆ. ಒಂದೇ ಬೋರ್ಡ್ (8.5 ಕಿಲೋ) ಗೋಡೆಯಿಂದ 12 ಎಂಎಂ ದೂರ ಇದ್ದರೆ ಸುಮಾರು 190 ಹರ್ಟ್ಸ್. ಗಂಡು ದನಿಯ, ಮದ್ದಳೆಯ ಜಾಗದಲ್ಲೇ ಸರಿಯಾಗಿ ಕೂರ್ತದೆ. ಎರಡು ಪದರ, 90 ಎಂಎಂ ಸಂದು ಆದರೆ 50ಕ್ಕಿಂತ ತುಸು ಕೆಳಗೆ. ಅಲ್ಲಿ ಟಿವಿಯಲ್ಲಿ ಹೆಚ್ಚೇನೂ ಇಲ್ಲ. ಆಚೆಯವರು ಸಬ್‌ವೂಫರ್ ತಂದರೆ ಬೇರೆ ಮಾತು.

ಅಂಬಲಪಾಡಿ_ಅಕ್ಕ
ಬೋರ್ಡ್ ಯಾಕೆ, ಹಳೆ ಮನೆಗಳ ಹಾಗೆ ಇನ್ನೊಂದು ಕೆಂಪುಕಲ್ಲಿನ ಗೋಡೆ ಕಟ್ಟಿದರೆ ಆಗದಾ? ಆ ಮನೆಗಳಲ್ಲಿ ಪಕ್ಕದ ಕೋಣೆಯ ಮಾತೂ ಕೇಳ್ತಿರಲಿಲ್ಲ.

ಮಣಿಪಾಲ_ಸಿವಿಲ್
ಅಕ್ಕ, ಆ ಗೋಡೆ ದಪ್ಪ, ತೂಕ ಬೇಕಾದಷ್ಟು, ಹಾಗಾಗಿ ಕೇಳುವುದಿಲ್ಲ. (ಸಾರಣೆ ಇಲ್ಲದ ಕೆಂಪುಕಲ್ಲಿನಲ್ಲಿ ತೂತು ಜಾಸ್ತಿ, ಅದು ಬೇರೆ.) ಆದರೆ ಅದು ಪಂಚಾಂಗದ (ಅಡಿಪಾಯದ) ಮೇಲೆ ನಿಂತ ಗೋಡೆ. ಮೂರನೇ ಮಾಳಿಗೆಯ ಸ್ಲ್ಯಾಬಿನ ಮೇಲೆ 4 ಇಂಚಿನ ಬ್ಲಾಕ್ ಗೋಡೆ ಕಟ್ಟಿದರೂ ಈ ಅಳತೆಗೆ ಎರಡೂವರೆ ಟನ್ ಹತ್ತಿರ ಆಗ್ತದೆ. ಅಡಿಯಲ್ಲಿ ಬೀಮ್ ಇಲ್ಲದ ಜಾಗದಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಇಡುವ ಭಾರ ಅಲ್ಲ ಅದು. ಸ್ಟಡ್ ಗೋಡೆ ಎಲ್ಲ ಸೇರಿ 230 ಕಿಲೋದ ಆಸುಪಾಸು.

ಬೋಳಾರ_ಜಿಪ್ಸಂ
ಟ್ಯೂಬಿನ ಲೆಕ್ಕ ಒಪ್ಪಿದೆ ಸರ್, ಏಳು ತರಲಿ. ಕೆಲಸ ಆಗುವಾಗ ಹತ್ತಿರ ನಿಂತು ನೋಡಬೇಕಾದ್ದು ಹೇಳ್ತೇನೆ. ಸ್ಟಡ್ ಅಲ್ಲಾಡ್ತದೆ ಅಂತ ಹುಡುಗರು ನಡುವಿನಲ್ಲಿ ಒಂದು ಎಲ್ ಕ್ಲಿಪ್ ಹಳೆ ಗೋಡೆಗೆ ಹೊಡೀತಾರೆ. ಒಂದು ಕ್ಲಿಪ್ ಸಾಕು, 20 ಎಂಎಂ ಬಿಟ್ಟದ್ದೆಲ್ಲ ವ್ಯರ್ಥ. ಗೋಡೆಯ ಸಾರಣೆ ಉಬ್ಬಿದ ಕಡೆ ಸ್ಟಡ್ ತಾಗ್ತದಾ ನೋಡ್ಲಿಕ್ಕೆ ಒಂದು ಪೋಸ್ಟ್‌ಕಾರ್ಡ್ ಮೇಲಿಂದ ಕೆಳಗೆ ಎಳೆಯಿರಿ, ಎಲ್ಲೂ ಸಿಕ್ಕಿಬೀಳಬಾರದು. ಫಾಲ್ಸ್ ಸೀಲಿಂಗ್ ಇದ್ದರೆ ಅದನ್ನು ಕತ್ತರಿಸಿ ಸ್ಲ್ಯಾಬ್ ತನಕ ಹೋಗಬೇಕು, ಸೀಲಿಂಗಿನ ಅಡಿಗೆ ನಿಲ್ಲಿಸಿದರೆ ಶಬ್ದ ಮೇಲಿಂದ ಹಾರಿ ಬರ್ತದೆ. ಸ್ವಿಚ್ ಬೋರ್ಡ್ ಹೊಸ ಗೋಡೆಗೆ ತರುವುದಕ್ಕಿಂತ ಪಕ್ಕದ ಗೋಡೆಗೆ ಬದಲಿಸಿ.

ಜಿಐ ಕತ್ತರಿಸಿದ ಬಾಯಿಗೆ ಝಿಂಕ್ ಪೇಂಟ್ ಹಚ್ಚಿಸಿ, ಕಡಲ ಗಾಳಿಗೆ ಅಲ್ಲಿಂದಲೇ ತುಕ್ಕು ಶುರು. ಜೂನ್‌ನಿಂದ ಸೆಪ್ಟೆಂಬರ್ ಈ ಕೆಲಸ ಹಿಡಿಯಬೇಡಿ. ಜಾಯಿಂಟ್ ಕಾಂಪೌಂಡ್ ಸರಿಯಾಗಿ ಒಣಗುವುದಿಲ್ಲ, ಬಣ್ಣ ಆದ ಮೇಲೆ ಗೆರೆ ಏಳ್ತದೆ. ಆಚೆ ಅಡುಗೆಮನೆ ಸಿಂಕ್ ಇರುವ ತುದಿಯಲ್ಲಿ ಎರಡಡಿ ಚೌಕದ ಪಾಲಿಥೀನ್ ಹಾಳೆ ನಾಲ್ಕೂ ಬದಿ ಟೇಪ್ ಹಾಕಿ ಎರಡು ದಿನ ಬಿಡಿ. ಗೋಡೆ ಬದಿಯಲ್ಲಿ ನೀರಿನ ಹನಿ ಕಂಡರೆ ಮೊದಲು ಪ್ಲಂಬರ್, ಆಮೇಲೆ ನಾವು. ಒದ್ದೆ ಗೋಡೆ ಮುಚ್ಚಿದರೆ ಆಟಿಯಲ್ಲಿ (ಜೋರು ಮಳೆಯ ತಿಂಗಳು) ಕೋಣೆಯೆಲ್ಲ ಬೂಷ್ಟಿನ ವಾಸನೆ.

ಅತ್ತಾವರ_ವಯರಿಂಗ್
ಕಿಟಕಿ ಯಾರೂ ಹೇಳಲಿಲ್ಲ. ಎರಡು ಮನೆಯ ಕಿಟಕಿ ಒಂದೇ ಹೊರಗೋಡೆಯಲ್ಲಿ ನಾಲ್ಕೈದು ಅಡಿ ಅಂತರದಲ್ಲಿದ್ದರೆ ಟಿವಿ ಅವರ ಕಿಟಕಿಯಿಂದ ಹೊರಗೆ ಹೋಗಿ ನಿಮ್ಮ ಕಿಟಕಿಯಿಂದ ಒಳಗೆ ಬರ್ತದೆ. ಮೂರು ಟ್ರ್ಯಾಕಿನ ಅಲ್ಯೂಮಿನಿಯಂ ಸ್ಲೈಡಿಂಗ್ ಮುಚ್ಚಿದರೂ ಸಂದು ಉಳೀತದೆ. ಒಂದು ರಾತ್ರಿ ಕಿಟಕಿಯ ಅಂಚಿಗೆಲ್ಲ ಬೈರಾಸು (ಟವೆಲ್) ತುರುಕಿ ನೋಡಿ. ವ್ಯತ್ಯಾಸ ಕಂಡರೆ ಸವೆದ ಬ್ರಷ್ ಪಟ್ಟಿ ಬದಲಿಸಿ, ಅದು ಅಗ್ಗದ ಕೆಲಸ. ಸೆಕೆಗೆ ಕಿಟಕಿ ತೆರೆದು ಮಲಗುವವರಾದರೆ ಮಾತ್ರ ಗೋಡೆಗೆ ಸುರಿಯುವ ದುಡ್ಡು ಎಸಿಗೆ ಹಾಕಿ, ಕಿಟಕಿ ಮುಚ್ಚಿ.

ಸಂತೆಕಟ್ಟೆ_ಮೆಕ್ಯಾನಿಕಲ್
ಚೆಂಡೆಗೆ ಒಂದು ಮಾತು. ಆ ಫೋಮಿಗೆ ನಿಜವಾದ ಜಾಗ ಅವರ ಕೋಣೆ. ಖಾಲಿ ಗೋಡೆ, ಟೈಲ್ಸ್ ನೆಲದ ಹಾಲ್‌ನಲ್ಲಿ ಪೆಟ್ಟು ಹತ್ತು ಸಲ ತಿರುಗ್ತದೆ. ಅಲ್ಲಿ ಶಬ್ದ ಹೀರುವ ವಸ್ತು ಎರಡು ಪಟ್ಟಾದರೆ ಕೋಣೆಯ ಮಟ್ಟ 3 ಡೆಸಿಬಲ್ ಇಳೀತದೆ. ಫೋಮ್ ಕೂಡ ಬೇಡ. ದಪ್ಪ ಪರದೆ, ಜಮಖಾನ, ಗೋಡೆಗೆ ಒರಗಿಸಿದ ಹತ್ತಿಯ ಹಾಸಿಗೆ ಸಾಕು. ನಿಮ್ಮ ಗೋಡೆ ತಾಗದ ಕೋಣೆಗೆ ಅಭ್ಯಾಸ ಬದಲಾದರೆ ಇದಕ್ಕಿಂತ ಎಷ್ಟೋ ಪಾಲು ಲಾಭ.

ಕದ್ರಿ_ಅಸೋಸಿಯೇಷನ್
ನಿಯಮ ಕೇಳುವವರಿಗೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್, ರಾತ್ರಿ ಅಂದರೆ 10ರಿಂದ 6. ಐದೂವರೆಯ ಗ್ರೈಂಡರ್ ರಾತ್ರಿಯ ಲೆಕ್ಕಕ್ಕೇ ಬರ್ತದೆ. ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು. ಆದರೆ ದೋಸೆ ಹಿಟ್ಟಿಗೆ ಪೊಲೀಸ್ ಕರೆಸಿದರೆ ಆಮೇಲೆ ರಬ್ಬರ್ ತುಂಡು ಇಡುವವರು ಯಾರು? ಬೀಮಿನ ಹತ್ತಿರ ಗಾಡಿ ತೆಗೆಯುವ ಮೊದಲು ಅಸೋಸಿಯೇಷನ್‌ಗೆ ಒಂದು ಪತ್ರ ಕೊಡಿ. ಬೀಮಿನ ಕಾಂಕ್ರೀಟ್ ಚಿಪ್ಪಿಂಗ್ ಮಾಡಬಾರದು, ಸಾರಣೆ ಮತ್ತು ಬ್ಲಾಕಿನ ಬದಿ ಮಾತ್ರ.

ಬಿಜೈ_ಮೂರನೇಮಾಳಿಗೆ
ಹಾಗಾದರೆ ಮೊದಲು ರಬ್ಬರ್, ಬಿರುಕು, ಸ್ವಿಚ್ ಬೋರ್ಡು, ಕಿಟಕಿ. ಒಂದು ತಿಂಗಳು ನೋಡಿ ಸ್ಟಡ್ ಗೋಡೆಯ ತೀರ್ಮಾನ. ಅದು ಮಾಡಿದರೆ ಎಷ್ಟು ಇಳಿದೀತು? ಮತ್ತೆ ನಮ್ಮ ಟಿವಿ ಅದೇ ಗೋಡೆಗೆ ನೇತು ಹಾಕಬಹುದಾ?

ಮಣಿಪಾಲ_ಸಿವಿಲ್
ಪ್ರಯೋಗಾಲಯದ ಪಟ್ಟಿಯಲ್ಲಿ ದೊಡ್ಡ ಸಂಖ್ಯೆ ಇರ್ತದೆ. ಸ್ಲ್ಯಾಬ್, ಕಾಲಂ, ಪಕ್ಕದ ಗೋಡೆಗಳಿಂದ ಸುತ್ತಿ ಬರುವ ಶಬ್ದ ಹಾಗೆಯೇ ಇರುವುದರಿಂದ ಇಂಥ ಕಟ್ಟಡದಲ್ಲಿ 8ರಿಂದ 12 ಡೆಸಿಬಲ್ ಅಂತ ಹಿಡಿಯಿರಿ. 10 ಇಳಿದರೆ ಕಿವಿಗೆ ಅರ್ಧಕ್ಕರ್ಧ ಕಡಿಮೆಯಾದ ಹಾಗೆ ಅನ್ನಿಸ್ತದೆ, 3 ಇಳಿದರೆ ಗೊತ್ತಾದೀತು ಅಷ್ಟೇ.

ಬೋಳಾರ_ಜಿಪ್ಸಂ
ಟಿವಿ ಹಾಕಬಹುದು, ಈಗಲೇ ಜಾಗ ಹೇಳಬೇಕು. ಬೋರ್ಡ್ ಮುಚ್ಚುವ ಮೊದಲು ಎರಡು ಸ್ಟಡ್ ನಡುವೆ 18 ಎಂಎಂ ಮರೈನ್ ಪ್ಲೈ ಅಡ್ಡ ಕೂರಿಸಿ ಸ್ಟಡ್ಡಿಗೇ ಸ್ಕ್ರೂ ಮಾಡ್ತೇವೆ, ಬ್ರ್ಯಾಕೆಟ್ ಅದಕ್ಕೆ ಹಿಡೀತದೆ. ಟಿವಿ ಕಂಪೆನಿಯ ಹುಡುಗ ಬಂದಾಗ ನೀವು ಮನೆಯಲ್ಲಿರಿ. ಉದ್ದದ ಆ್ಯಂಕರ್ ಬೋಲ್ಟ್ ಹಾಕಿ ಹಳೆ ಗೋಡೆ ತನಕ ಡ್ರಿಲ್ ಹೊಡೆದು ಬಿಡ್ತಾನೆ. 50 ಎಂಎಂ ಸ್ಕ್ರೂ ಸಾಕು, ಪೊಟ್ಟಣ ನೀವೇ ತಂದು ಅವನ ಕೈಗೆ ಕೊಡಿ.